ಅಂಗಡಿಯವನ ಮೇಜಿನ ಕೆಳಗಿದ್ದ ಯುಪಿಎಸ್

ಸೊಸೆಯ ಕಂಪ್ಯೂಟರ್ ಎರಡನೇ ಸಲ ಆರಿಹೋದದ್ದು ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ. ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅವರೆಕಾಳು ಹಿತಕುತ್ತಿದ್ದೆ. ಫ್ರಿಜ್ಜಿನ ಸದ್ದು ನಿಂತಿತು, ನಾಲ್ಕು ಕಾಳು ಹಿತಕುವಷ್ಟರಲ್ಲಿ ಮತ್ತೆ ಶುರುವಾಯಿತು. ಕರೆಂಟು ಹೋಗಿದ್ದು ಅಷ್ಟೇ ಹೊತ್ತು. ಆದರೆ ರೂಮಿನಲ್ಲಿ ಸೊಸೆ "ಹಲೋ ಸಾರ್, ಹಲೋ" ಎಂದವಳು ಹಾಗೇ ಸುಮ್ಮನಾದಳು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕೂವರೆವರೆಗೆ ಅವಳು ಸುಮ್ಮನಾಗುವುದೇ ಇಲ್ಲ. ಸುಮ್ಮನಾದಳೆಂದರೆ ಏನೋ ಕೆಟ್ಟಿದೆ.

ಅವಳದು ಒಂದು ಆಸ್ಪತ್ರೆಗೆ ಬರುವ ಫೋನುಗಳಿಗೆ ಮನೆಯಿಂದಲೇ ಉತ್ತರ ಹೇಳುವ ಕೆಲಸ. ಯಾವ ಡಾಕ್ಟರು ಯಾವಾಗ ಇರುತ್ತಾರೆ, ಬರುವಾಗ ಹೊಟ್ಟೆ ಖಾಲಿ ಇರಬೇಕೋ ಬೇಡವೋ, ಇದನ್ನೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ನೋಡಿಕೊಂಡು ಹೇಳಬೇಕು. ಮುಂಚೆಯೂ ಹೀಗೇ ಮನೆಯಿಂದ ಬೇರೆ ಕಂಪನಿಗೆ ಮಾಡುತ್ತಿದ್ದಳು, ಇದು ಹೊಸದು. ಮೊದಲ ಮೂರು ತಿಂಗಳು ಅವಳನ್ನು ನೋಡುತ್ತಾರೆ, ಆಮೇಲೆ ಕಾಯಂ. ಈ ಮೂರು ತಿಂಗಳಲ್ಲಿ ಮಾತಿನ ನಡುವೆ ಮೂರು ಸಲ ಲೈನು ಕಡಿದರೆ ಕೆಲಸ ಇಲ್ಲ. ಇವಳದು ಎರಡು ಸಲ ಕಡಿದಿತ್ತು. ಇನ್ನು ಹನ್ನೊಂದು ದಿನ ಉಳಿದಿತ್ತು.

ನನ್ನ ಮಗ ರಸ್ತೆ ಕೆಲಸದ ಮೇಸ್ತ್ರಿ, ಹಾವೇರಿ ಕಡೆ ಇರುತ್ತಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಅವನ ಸಂಬಳ ಗುತ್ತಿಗೆದಾರನ ಮನಸ್ಸು ಬಂದಾಗ ಬರುತ್ತದೆ. ಇವಳದು ಒಂದನೇ ತಾರೀಖು ಬರುತ್ತದೆ. ಪುಟ್ಟೇನಹಳ್ಳಿಯ ಈ ಬಾಡಿಗೆ ಮನೆ ನಿಂತಿರುವುದು ಒಂದನೇ ತಾರೀಖಿನ ಮೇಲೆ. ನನಗೆ ಕಂಪ್ಯೂಟರ್ ಅರ್ಥವಾಗದಿದ್ದರೂ ಇದು ಅರ್ಥವಾಗುತ್ತದೆ.

ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಕಂಪ್ಯೂಟರ್ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಸೊಸೆ ಮೊಬೈಲಿನಲ್ಲಿ ಮೇಲಿನವರ ಹತ್ತಿರ ಮಾತಾಡುತ್ತಿದ್ದಳು.

"ಹೌದು ಮೇಡಂ. ಯುಪಿಎಸ್ ಇದೆ ಮೇಡಂ. ಇದ್ರೂ ಆಫ್ ಆಯ್ತು. ಇಲ್ಲ ಮೇಡಂ, ಇನ್ನೊಂದ್ಸಲ ಆಗಲ್ಲ. ಇವತ್ತೇ ಸರಿ ಮಾಡಿಸ್ತೀನಿ ಮೇಡಂ."

ಯುಪಿಎಸ್ ಎಂದರೆ ಕಂಪ್ಯೂಟರಿನ ಪಕ್ಕದಲ್ಲಿ ಕೂರುವ ಕಪ್ಪು ಡಬ್ಬ. ಒಳಗೆ ಬ್ಯಾಟರಿ. ಕರೆಂಟು ಹೋದಾಗ ಇದು ಕರೆಂಟು ಕೊಡಬೇಕು. ಅದರ ಕೆಲಸ ಅದೊಂದೇ, ಅದನ್ನೂ ಮಾಡಿರಲಿಲ್ಲ. ಮನೆ ಮಾಲೀಕರ ಇನ್ವರ್ಟರು ಕೆಳಗಿನ ಅವರ ಮನೆಗೆ ಮಾತ್ರ. ಇಂಟರ್‌ನೆಟ್ಟಿನ ಡಬ್ಬಕ್ಕೆ ಅದರದೇ ಚಿಕ್ಕ ಬ್ಯಾಟರಿ ನಡುಮನೆಯಲ್ಲಿದೆ, ಅದು ಚೆನ್ನಾಗಿತ್ತು.

ಆ ಫೋನು ಇಟ್ಟವಳೇ ಸೊಸೆ ಗಂಡನಿಗೆ ಮಾಡಿದಳು.

"ನೀವ್ ತಂದಿದ್ದಲ್ವಾ ಇದು? ಎಂಟೇ ತಿಂಗಳು. ಫ್ರೆಂಡ್ ಅಂಗಡಿ, ಗಟ್ಟಿ ಮಾಲು ಅಂತ ಹೊಗಳಿದ್ರಲ್ಲ. ಯಾವುದೋ ಡಬ್ಬಾ ಪೀಸ್ ಕೊಟ್ಟು ಕಳಿಸಿದಾನೆ ನಿಮ್ ಫ್ರೆಂಡು. ನನ್ ಕೆಲಸ ಹೋದ್ರೆ ಅವನನ್ನೇ ಕೇಳಿ, ಸಂಬಳ ಕೊಡ್ತಾನಾ ಅಂತ."

ಮಗ ಆ ಕಡೆಯಿಂದ ಏನೋ ಹೇಳಿದ. ಇವಳು ಕಟ್ ಮಾಡಿದಳು. ಗಂಡ ಹೆಂಡತಿ ನಡುವೆ ನಾನು ಬಾಯಿ ಹಾಕುವುದಿಲ್ಲ, ಅದು ನನ್ನ ಪದ್ಧತಿ. ಆದರೆ ಅವತ್ತು ಸುಮ್ಮನಿದ್ದದ್ದಕ್ಕೆ ಪದ್ಧತಿಯೊಂದೇ ಕಾರಣವಲ್ಲ. ಆ ಡಬ್ಬವನ್ನು ಮುಟ್ಟಬೇಡಿ ಎಂದು ಸೊಸೆ ಹೇಳಿದ್ದಳು. ನಾನು ಮುಟ್ಟುತ್ತಿದ್ದೆ. ಮುಟ್ಟಿದ್ದರಿಂದ ಹೀಗಾಗಿದೆಯೆಂದು ಆಗ ಗೊತ್ತಿರಲಿಲ್ಲ. ಆದರೂ ಆ ಡಬ್ಬದ ಕಡೆ ನೋಡದೆ ನಿಂತೆ.

"ಅತ್ತೆ, ನಾನು ಸೀಟ್ ಬಿಟ್ಟು ಏಳಂಗಿಲ್ಲ. ನೀವೇ ಹೋಗಿ ಹೊಸದು ತರ್ತೀರಾ?" ಎಂದಳು ಸೊಸೆ.

"ನಂಗೆ ಅದರ ತಲೆ ಬುಡ ಗೊತ್ತಿಲ್ಲ. ಎಲ್ಲಾನೂ ಫೋನಲ್ಲಿ ತರಿಸ್ತೀಯಲ್ಲ, ಇದನ್ನೂ ತರಿಸು."

"ನಾಳೆ ಬರುತ್ತೆ ಅಂತ ತೋರಿಸ್ತಿದೆ. ಇವತ್ತು ಮಧ್ಯಾಹ್ನ ಹೋದ್ರೆ?"

ನಮ್ಮ ರಸ್ತೆಯಲ್ಲಿ ಪೈಪು ಹಾಕಲು ಅಗೆಯುತ್ತಿದ್ದರು. ವಾರದಿಂದ ಕರೆಂಟು ಯಾವಾಗ ಬೇಕೋ ಆಗ ಹೋಗುತ್ತಿತ್ತು. ಅವಳು ಹೇಳಿದ್ದು ಸರಿ.

ಒಂದು ಚೀಟಿ ಬರೆದುಕೊಟ್ಟಳು, ದೊಡ್ಡ ಅಕ್ಷರದಲ್ಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಓದುತ್ತೇನೆ, ಆದರೆ ಅಂಗಡಿಯವನ ಮುಂದೆ ನಿಂತು ಓದುವಷ್ಟು ಬೇಗ ಓದಲಾರೆ. ಮಧ್ಯಾಹ್ನ ಒಂದರಿಂದ ಒಂದೂ ಮುಕ್ಕಾಲರವರೆಗೆ ಅವಳಿಗೆ ಊಟದ ಬಿಡುವು. ಆ ಹೊತ್ತಿನಲ್ಲಿ ಮಾತ್ರ ಕಂಪ್ಯೂಟರ್ ಆರಿಸಿ ಡಬ್ಬ ಬದಲಾಯಿಸಬಹುದು. ಅದು ತಪ್ಪಿದರೆ ನಾಲ್ಕೂವರೆಯವರೆಗೆ ಆಗುವುದಿಲ್ಲ.

"ಏನೇ ಆದ್ರೂ ನಂಗೆ ಫೋನ್ ಮಾಡ್ಬೇಡಿ. ಲೈನಲ್ಲಿರ್ತೀನಿ," ಎಂದಳು.

ಮತ್ತೆ ಲೈನಿಗೆ ಕೂರುವ ಮೊದಲೇ ಕಂಪ್ಯೂಟರಿನ ವೈರನ್ನು ನೇರ ಗೋಡೆಗೆ ಸಿಕ್ಕಿಸಿ, ಹಳೆಯ ಡಬ್ಬ ಕಿತ್ತು ಕೊಟ್ಟಳು. ಅದನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದೆ. ಕಲ್ಲಿನ ಹಾಗೆ ಭಾರ. ಸಾರಕ್ಕಿ ಸಿಗ್ನಲ್ಲಿನಲ್ಲಿ ಮೂರು ಸಲ ಹಸಿರು ಬಂದು ಹೋಯಿತು, ಆಟೋ ಒಂದು ಮಾರು ಮುಂದೆ ಹೋಗಿತ್ತು. ನಾನು ತೊಡೆಯ ಮೇಲೆ ಚೀಲ ಇಟ್ಟುಕೊಂಡು ಅಂಗಡಿ ಸಾಲಿನ ಬೋರ್ಡುಗಳಲ್ಲಿ ಲೈಟು ಉರಿಯುತ್ತಿದೆಯೇ ಎಂದು ನೋಡುತ್ತ ಕೂತೆ. ಇಲ್ಲಿ ಉರಿದರೆ ಮನೆಯಲ್ಲೂ ಇದೆ ಎಂದೇನೂ ಅಲ್ಲ. ಆದರೂ ನೋಡಿದೆ.

ಅಂಗಡಿ ಸಿಕ್ಕಾಗ ಹನ್ನೊಂದೂ ಕಾಲು. ಕಂಪ್ಯೂಟರ್ ರಿಪೇರಿಯ ಚಿಕ್ಕ ಅಂಗಡಿ, ನಡುವಯಸ್ಸಿನ ಮಾಲೀಕ ಒಬ್ಬನೇ. ಸ್ಟೂಲಿನ ಮೇಲೆ ಇನ್ನೊಬ್ಬ ಗಿರಾಕಿ ಕೂತಿದ್ದ. ಮೂವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ತನ್ನ ಲ್ಯಾಪ್‌ಟಾಪ್ ರಿಪೇರಿಗೆ ಕಾಯುತ್ತಿದ್ದ. ಮಾತಾಡಿದ ಮೇಲೆ ಗೊತ್ತಾಯಿತು, ಬಿಜಾಪುರದ ಕಡೆಯವನು, ಬಿಟಿಎಂನಲ್ಲಿ ರೂಮು.

ಅಂಗಡಿಯವನು ಡಬ್ಬದ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಒಳಗಿನ ಬ್ಯಾಟರಿಯ ಎರಡೂ ಪಕ್ಕ ಉಬ್ಬಿತ್ತು.

"ಎಷ್ಟು ವರ್ಷ ಆಯ್ತಮ್ಮ ತಗೊಂಡು?"

"ಎಂಟು ತಿಂಗಳು."

"ಎಂಟು ತಿಂಗಳಿಗೆ ಹೊಟ್ಟೆ ಹಿಂಗೆ ಉಬ್ಬಲ್ಲ." ಅವನು ಬ್ಯಾಟರಿಯನ್ನು ಬೆರಳಿನಿಂದ ಒತ್ತಿ ನೋಡಿದ. "ಮನೇಲಿ ಯಾರಾದ್ರೂ ದಿನಾ ಗೋಡೆ ಸ್ವಿಚ್ ಆಫ್ ಮಾಡ್ತಾರಾ?"

"ಇಲ್ಲ," ಎಂದೆ.

ಬಾಯಿಗೆ ಬಂದದ್ದು ಅದು.

"ಮಾಡಿದ್ರೆ ಏನಾಗುತ್ತೆ?" ಎಂದು ಕೇಳಿದೆ.

"ಗೋಡೇಲಿ ಆಫ್ ಮಾಡಿದ್ರೆ ಇದಕ್ಕೆ ಕರೆಂಟ್ ಹೋಯ್ತು ಅಂತ ಲೆಕ್ಕ. ಬ್ಯಾಟರೀಲಿ ಇರೋದನ್ನ ಖರ್ಚು ಮಾಡ್ಕೊಂಡು, ಕೀಂ ಕೀಂ ಅಂತ ಕೂಗ್ಕೊಂಡು, ಪೂರ್ತಿ ಖಾಲಿಯಾಗಿ ಸುಮ್ಮನಾಗುತ್ತೆ. ಎಲ್ಲೋ ಒಂದ್ಸಲ ಆದ್ರೆ ಪರವಾಗಿಲ್ಲ. ದಿನಾ ಹಿಂಗೆ ಬಸಿದ್ರೆ ಬ್ಯಾಟರಿ ಸತ್ತೇ ಹೋಗುತ್ತೆ. ಬಟ್ಟೆಗಿಟ್ಟೆ ಮುಚ್ಚಿ ಬಿಸಿ ಮಾಡಿದ್ರಂತೂ ಇನ್ನೂ ಬೇಗ."

ಅವನು ನಮ್ಮ ಮನೆಯಲ್ಲಿ ಬಂದು ಕೂತು ನೋಡಿದವನ ಹಾಗೆ ಹೇಳುತ್ತಿದ್ದ.

ಹಿಂದೆ ನಾವು ತಿಲಕ್ ನಗರದಲ್ಲಿದ್ದಾಗ ಫ್ರಿಜ್ಜಿನ ಪ್ಲಗ್ಗು ಸುಟ್ಟು ಗೋಡೆ ಮೇಲಿನವರೆಗೆ ಕಪ್ಪಾಗಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಬಂದು ಬಾಗಿಲು ತೆಗೆದಾಗ ಹೊಗೆ. ಅಂದಿನಿಂದ ಬಳಸದ ಸ್ವಿಚ್ಚನ್ನು ಆರಿಸದೆ ನನಗೆ ಒಂದು ಲೋಟ ಕಾಫಿ ಕುಡಿಯುವುದಕ್ಕೂ ಆಗುವುದಿಲ್ಲ. ಮಿಕ್ಸಿ, ಟಿವಿ, ಗೀಸರು, ಮೊಬೈಲ್ ಚಾರ್ಜರು, ಎಲ್ಲ ಆರಿಸಿಯೇ ಕೂರುತ್ತೇನೆ. ಈ ಕಪ್ಪು ಡಬ್ಬ ಬಂದಾಗ ಸೊಸೆ, "ಅತ್ತೆ, ಇದೊಂದನ್ನ ಮುಟ್ಬೇಡಿ, ಯಾವಾಗ್ಲೂ ಆನ್ ಇರ್ಬೇಕು," ಎಂದಿದ್ದಳು. ಯಾವಾಗಲೂ ಉರಿಯಬೇಕು ಎಂದರೆ ಅದೇನು ದೇವರ ಮುಂದಿನ ನಂದಾದೀಪವೇ ಎಂದುಕೊಂಡೆ.

ಸಂಜೆ ಕೆಲಸ ಮುಗಿಸಿ ಅವಳು ಮೊಮ್ಮಗಳನ್ನು ಟ್ಯೂಷನ್ನಿನಿಂದ ಕರೆತರಲು, ತರಕಾರಿ ತರಲು ಹೋಗುತ್ತಾಳೆ. ಬರುವುದು ಆರಕ್ಕೆ. ಅವಳು ಮೆಟ್ಟಿಲಿಳಿದದ್ದೇ ನಾನು ಸ್ವಿಚ್ ಆರಿಸುತ್ತಿದ್ದೆ. ಡಬ್ಬ ಕೂಗಲು ಶುರು ಮಾಡುತ್ತಿತ್ತು. ಕೆಳಗಿನ ಮಾಲೀಕರಿಗೆ ಕೇಳಬಾರದೆಂದು ಅದರ ಮೇಲೆ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸುತ್ತಿದ್ದೆ. ಅವರು ಬರುವಷ್ಟರಲ್ಲಿ ಕೂಗಿ ಸಾಕಾಗಿ ಸುಮ್ಮನಾಗಿರುತ್ತಿತ್ತು. ಕೌದಿ ತೆಗೆದು ಮಡಿಸಿಡುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದವಳು ಮೊದಲು ಆ ಸ್ವಿಚ್ ಹಾಕಿ ಆಮೇಲೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಸೊಸೆಗೆ ಗೊತ್ತಾಗಲಿಲ್ಲ.

ಇದರಲ್ಲಿ ಒಂದು ಮಾತು ಹೇಳಲೇಬೇಕು. ಮೊದಮೊದಲು ಅದು ಒಂದು ಗಂಟೆ ಕೂಗುತ್ತಿತ್ತು. ಎರಡು ತಿಂಗಳಾದ ಮೇಲೆ ಅರ್ಧ ಗಂಟೆ. ಈಚೆಗೆ ಐದು ನಿಮಿಷಕ್ಕೇ ಸುಮ್ಮನಾಗುತ್ತಿತ್ತು. ಪರವಾಗಿಲ್ಲ, ಡಬ್ಬಕ್ಕೆ ಬುದ್ಧಿ ಬಂತು, ಅಭ್ಯಾಸ ಆಯಿತು ಎಂದು ನಾನು ಖುಷಿಪಟ್ಟಿದ್ದೆ. ಅದು ಸಾಯುತ್ತಿತ್ತು.

"ಬ್ಯಾಟರಿ ಮಾತ್ರ ಹೊಸದು ಹಾಕ್ಲಾ?" ಅಂಗಡಿಯವನು ಕೇಳಿದ. ಅವನೇ ಮತ್ತೆ ಒಳಗೆ ಇಣುಕಿ, "ಬೇಡ ಬಿಡಿ. ಒಳಗಿನ ಬೋರ್ಡೂ ಬಿಸಿ ತಿಂದಿದೆ. ನಾನು ಗ್ಯಾರಂಟಿ ಹೇಳಲ್ಲ," ಎಂದ.

ಎರಡು ಹೊಸ ಪೆಟ್ಟಿಗೆ ತಂದು ಕೌಂಟರಿನ ಮೇಲಿಟ್ಟ. ಚಿಕ್ಕದರ ಮೇಲೆ ಆರುನೂರು ಎಂದಿತ್ತು, ದೊಡ್ಡದರ ಮೇಲೆ ಸಾವಿರದ ನೂರು. ಅದು ಬೆಲೆಯಲ್ಲ, ಡಬ್ಬದ ಶಕ್ತಿಯ ಲೆಕ್ಕವಂತೆ. ಚಿಕ್ಕದರಲ್ಲಿ ಒಂದು ಬ್ಯಾಟರಿ, ದೊಡ್ಡದರಲ್ಲಿ ಎರಡು. ನಾನು ಚೀಟಿ ಕೊಟ್ಟೆ. ಅವನು ಓದಿ, "ಚಿಕ್ಕದೇ ಸಾಕಮ್ಮ ನಿಮಗೆ," ಎಂದ.

"ಎಷ್ಟೊತ್ತು ನಡೆಯುತ್ತೆ?"

"ಹದಿನೈದು ನಿಮಿಷ. ಇಪ್ಪತ್ತೂ ಬರಬಹುದು."

"ಬರಬಹುದು ಅಂದ್ರೆ?"

"ಕಂಪ್ಯೂಟರ್ ಮೇಲೆ ಹೋಗುತ್ತಮ್ಮ."

"ಹಚ್ಚಿ ತೋರಿಸು."

"ಪೆಟ್ಟಿಗೆ ಒಡೆದ್ರೆ ತಗೊಳ್ಳೇಬೇಕು."

"ನೋಡದೆ ತಗೊಳ್ಳಕ್ಕೆ ನಾನೇನು ಕಣ್ಣು ಮುಚ್ಕೊಂಡು ಬಂದಿಲ್ಲ," ಎಂದೆ.

ಸ್ಟೂಲಿನ ಮೇಲಿದ್ದವನು ನಕ್ಕ. "ಅಜ್ಜಿ ಬಿಡಂಗಿಲ್ರಿ ಅಣ್ಣಾರ. ಹಚ್ಚಿ ತೋರಿಸ್ರಿ."

ಆಗಲೇ ಕರೆಂಟು ಹೋಯಿತು.

ಅಂಗಡಿಯ ಲೈಟು ಆರಿತು, ಫ್ಯಾನು ನಿಂತಿತು, ಪಕ್ಕದ ಜೆರಾಕ್ಸ್ ಅಂಗಡಿಯ ಮಿಷನ್ನು ಅರ್ಧದಲ್ಲಿ ನಿಂತ ಸದ್ದು ಕೇಳಿತು. ಮನೆಯಲ್ಲಿ ಸೊಸೆಯ ಕಂಪ್ಯೂಟರಿಗೆ ಈಗ ಸತ್ತ ಡಬ್ಬವೂ ಇಲ್ಲ. ನೇರ ಗೋಡೆಗೆ ಸಿಕ್ಕಿಸಿಕೊಂಡು ಕೂತಿದ್ದಾಳೆ. ಅವಳಿಗೆ ಫೋನು ಮಾಡುವ ಹಾಗಿಲ್ಲ. ಕೆಳಗಿನ ಮಾಲೀಕರ ಹೆಂಡತಿಗೆ ಮಾಡಿದೆ. ಅವರು ಮೊದಲ ಸಲ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಮೂರನೇ ಸಲ ಎತ್ತಿದರು.

"ಮನೇಲಿ ಕರೆಂಟ್ ಇದೆಯೇನ್ರೀ?" ಎಂದೆ.

"ಏನ್ ಕೇಳಿದ್ರಿ? ಮಿಕ್ಸಿ ಹಾಕಿದೀನಿ, ಕೇಳ್ತಿಲ್ಲ."

"ಇನ್ವರ್ಟರಲ್ಲಿ ಓಡ್ತಿದೆಯಾ ಮಿಕ್ಸಿ?"

"ಇನ್ವರ್ಟರಲ್ಲಿ ಮಿಕ್ಸಿ ಹಾಕ್ತಾರಾ ಯಾರಾದ್ರೂ? ಕರೆಂಟೇ ಇದೆ. ಯಾಕ್ರೀ, ಏನಾಯ್ತು?"

ಇಟ್ಟೆ. ಮನೆಯಲ್ಲಿ ಇತ್ತು. ಇಲ್ಲಿ ಮಾತ್ರ ಹೋಗಿತ್ತು. ಆದರೆ ಇಲ್ಲಿ ಹೋದದ್ದು ಅಲ್ಲಿಗೆ ಬರಲು ಎಷ್ಟು ಹೊತ್ತು?

ಅಂಗಡಿಯವನು ಕತ್ತಲಲ್ಲೇ ತನ್ನ ಕಂಪ್ಯೂಟರಿನಲ್ಲಿ ಯಾರಿಗೋ ಬಿಲ್ಲು ಹೊಡೆಯುತ್ತಿದ್ದ. ಅದು ಆರಿರಲಿಲ್ಲ. ಮೇಜಿನ ಕೆಳಗೆ ಏನೋ ಕೀಂ ಎನ್ನುತ್ತಿತ್ತು. ಬಗ್ಗಿ ನೋಡಿದೆ. ಧೂಳು ಹಿಡಿದ ಒಂದು ಡಬ್ಬ. ನಾನು ಗೋಡೆಯ ಗಡಿಯಾರ ನೋಡಿದೆ, ಹನ್ನೊಂದೂ ನಲವತ್ತು. ಆಮೇಲೆ ಏನೂ ಮಾತಾಡದೆ ಕೂತು ಆ ಡಬ್ಬ ಮತ್ತು ಗಡಿಯಾರ ಎರಡನ್ನೇ ನೋಡಿದೆ. ಬಿಜಾಪುರದವನು ಏನೋ ಕೇಳಿದ, ಕೈ ಅಡ್ಡ ಹಿಡಿದು ಸುಮ್ಮನಿರಿಸಿದೆ. ಹನ್ನೆರಡಾಯಿತು. ಡಬ್ಬ ಇನ್ನೂ ಕೂಗುತ್ತಿತ್ತು, ಕಂಪ್ಯೂಟರ್ ಇನ್ನೂ ಉರಿಯುತ್ತಿತ್ತು. ಹನ್ನೆರಡೂ ಐದಕ್ಕೆ ಕರೆಂಟು ಬಂತು. ಇಪ್ಪತ್ತೈದು ನಿಮಿಷ.

ನಾನು ದಿನಸಿ ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ಮೂಟೆಯ ಮೇಲಿನ ಹೆಸರು ನೋಡುವುದಿಲ್ಲ. ನಿಮ್ಮ ಮನೆಗೆ ಯಾವುದನ್ನು ಒಯ್ಯುತ್ತೀಯೋ ಅದನ್ನು ಅಳೆ ಎನ್ನುತ್ತೇನೆ. ಇಲ್ಲೂ ಅದನ್ನೇ ಅಂದೆ.

"ಅದು ಯಾವುದು? ನಿನ್ನ ಮೇಜಿನ ಕೆಳಗಿರೋದು."

"ಅದಾ? ದೊಡ್ಡದು, ಸಾವಿರದ ನೂರರದ್ದು. ಇದೇ ಕಂಪನೀದು. ಎರಡು ವರ್ಷ ಆಯ್ತು."

"ಅದನ್ನೇ ಕೊಡು."

"ಅಮ್ಮ, ಅದು ನಮ್ದು. ಅದೇ ತರದ್ದು ಹೊಸದು ಇಲ್ಲೇ ಇದೆಯಲ್ಲ."

"ನಮಗೆ ಚಿಕ್ಕದು ಸಾಕು ಅಂದೆ. ನಿನಗೆ ಮಾತ್ರ ದೊಡ್ಡದು ಬೇಕಾ?"

ಅವನು ತಲೆ ಕೆರೆದುಕೊಂಡ. ಬಿಜಾಪುರದವನು, "ಸಿಕ್ಕಾಕ್ಕೊಂಡ್ರಿ ಅಣ್ಣಾರ," ಎಂದ.

"ಸರಿ ಅಮ್ಮ, ದೊಡ್ಡದೇ ತಗೊಳಿ. ಹೊಸದು. ಆದ್ರೆ ಒಂದು ವಿಷ್ಯ. ಪೆಟ್ಟಿಗೇಲಿ ಎಷ್ಟು ತಿಂಗಳಿಂದ ಕೂತಿದೆಯೋ ಗೊತ್ತಿಲ್ಲ. ಎಂಟು ಗಂಟೆ ಚಾರ್ಜ್ ಹಾಕಿ, ಆಮೇಲೆ ಕಂಪ್ಯೂಟರಿಗೆ ಕೊಡಿ."

ಎಂಟು ಗಂಟೆ. ಅಲ್ಲಿಗೆ ಅವತ್ತಿನ ದಿನ ಮುಗಿದಿರುತ್ತದೆ. ಮತ್ತೆ ಇದನ್ನು ಹೊತ್ತುಕೊಂಡು ಹೋಗಿ ಏನು ಪ್ರಯೋಜನ?

ನಾನು ಅವನಿಗೆ ಸೊಸೆಯ ವಿಷಯ ಹೇಳಿದೆ. ಎರಡು ಸಲ ಕಡಿದದ್ದು, ಇನ್ನೊಂದು ಸಲ ಕಡಿದರೆ ಏನಾಗುತ್ತದೆ, ಊಟದ ಬಿಡುವು ಎಷ್ಟು ಹೊತ್ತಿಗೆ, ಎಲ್ಲ. ಬೇಡಿಕೊಳ್ಳಲಿಲ್ಲ. ಇದ್ದದ್ದನ್ನು ಹೇಳಿದೆ.

"ಹೊಸದನ್ನ ತಗೋತೀನಿ. ಅದು ಇಲ್ಲೇ ಚಾರ್ಜಾಗ್ಲಿ. ನಿನ್ನ ಮೇಜಿನ ಕೆಳಗಿಂದು ಇವತ್ತಿಗೆ ಕೊಡು. ನಾಳೆ ಇದೇ ಹೊತ್ತಿಗೆ ತಂದು ಬದಲಾಯಿಸ್ಕೊಂಡು ಹೋಗ್ತೀನಿ."

"ನನ್ ಬಿಲ್ಲಿಂಗ್ ಹೆಂಗಮ್ಮ? ಕರೆಂಟ್ ಹೋದ್ರೆ?"

"ಕೈಯಾಗ ಬರೀರಿ," ಎಂದ ಬಿಜಾಪುರದವನು. "ಪೆನ್ನು ಬೇಕಾದ್ರ ನಾ ಕೊಡ್ತೀನಿ."

ಅಂಗಡಿಯವನು ನಗಲಿಲ್ಲ. ಉಬ್ಬಿದ ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ.

"ಕೊಡ್ತೀನಿ. ಆದ್ರೆ ಇದು ಎಂಟು ತಿಂಗಳಿಗೆ ಹೆಂಗೆ ಸತ್ತೋಯ್ತು ಅಂತ ನಂಗೆ ಗೊತ್ತಾಗ್ಬೇಕು. ನಿಮ್ಮ ಮನೆ ವೈರಿಂಗಲ್ಲಿ ಏನಾದ್ರೂ ದೋಷ ಇದ್ರೆ ನಂದೂ ಒಂದೇ ದಿನಕ್ಕೆ ಹಾಳಾಗುತ್ತೆ."

ಹನ್ನೆರಡೂ ಹದಿನೈದಾಗಿತ್ತು. ನಾನು ವೈರಿಂಗ್ ಸರಿಯಿಲ್ಲ ಎಂದರೆ ಅವನು ಕೊಡುವುದಿಲ್ಲ. ಗೊತ್ತಿಲ್ಲ ಎಂದರೂ ಕೊಡುವುದಿಲ್ಲ.

"ವೈರಿಂಗ್ ಚೆನ್ನಾಗಿದೆ. ಗೋಡೆ ಸ್ವಿಚ್ ನಾನೇ ಆಫ್ ಮಾಡ್ತಿದ್ದೆ," ಎಂದೆ. "ದಿನಾ. ಕೂಗೋದು ಕೇಳ್ಬಾರ್ದು ಅಂತ ಕೌದೀನೂ ಹೊದಿಸ್ತಿದ್ದೆ."

ಅಂಗಡಿಯವನು ಬ್ಯಾಟರಿಯನ್ನು ಕೌಂಟರಿನ ಮೇಲಿಟ್ಟ.

"ಕೌದಿ?" ಎಂದ ಅಂಗಡಿಯವನು.

"ಥಂಡಿ ಆಗ್ಬಾರದಂತ ಹೊಚ್ಚಿರಬೇಕು," ಎಂದ ಬಿಜಾಪುರದವನು. "ನಮ್ಮವ್ವನೂ ಹಿಂಗಽ ಅದಾಳ್ರಿ. ಫೋನ್ ಬಿಸಿ ಆತಂತ ಒಮ್ಮೆ ಫ್ರಿಜ್ಜಿನಾಗ ಇಟ್ಟಿದ್ಲು."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ನಗುವವರು ನಗಲಿ, ಡಬ್ಬ ಕೊಟ್ಟರೆ ಸಾಕು ಎಂದು ನಿಂತಿದ್ದೆ.

ಅಂಗಡಿಯವನು ಮೇಜಿನ ಕೆಳಗೆ ಬಗ್ಗಿ ಡಬ್ಬ ಕಿತ್ತ, ಧೂಳು ಊದಿದ. ಆಮೇಲೆ ಒಂದು ಬಿಳಿ ಸ್ಟಿಕ್ಕರು ತೆಗೆದು ಕಪ್ಪು ಮಾರ್ಕರಿನಲ್ಲಿ ಬರೆದು ಡಬ್ಬದ ನೆತ್ತಿಗೆ ಅಂಟಿಸಿದ. ನಾನು ನಿಧಾನವಾಗಿ ಓದಿದೆ. ಗೋಡೆ ಸ್ವಿಚ್ ಆಫ್ ಮಾಡಬಾರದು. ಬಟ್ಟೆ ಮುಚ್ಚಬಾರದು.

"ನಂಗೆ ಹೇಳಿದ್ರೆ ಸಾಕಿತ್ತು. ಬರೆಯೋದು ಯಾಕೆ?" ಎಂದೆ.

"ನಿಮಗೆ ಮನೇಲೂ ಹೇಳಿರ್ತಾರೆ ಅಮ್ಮ," ಎಂದ.

ಹೊಸದರ ದುಡ್ಡು ಎಣಿಸಿ ಕೊಟ್ಟು ಡಬ್ಬ ಎತ್ತಿಕೊಂಡೆ.

ವಾಪಸು ಬರುವ ಆಟೋದಲ್ಲಿ ಡಬ್ಬ ತೊಡೆಯ ಮೇಲಿತ್ತು. ಹಳೆಯದಕ್ಕಿಂತ ಎರಡು ಪಟ್ಟು ಭಾರ. ಸ್ಟಿಕ್ಕರು ನನ್ನ ಕಣ್ಣಿಗೇ ಎದುರಾಗಿತ್ತು. ಅಂಗಡಿಯವನು ನಕ್ಕರೆ ನಗಲಿ, ನಾಳೆ ಒಂದು ಸಲ ಅವನ ಮುಖ ನೋಡಿದರೆ ಮುಗಿಯಿತು. ಸೊಸೆಯ ಜೊತೆ ನಾನು ಸಾಯುವ ತನಕ ಇರಬೇಕು. ಅವಳು ಅಂಥವಳಲ್ಲ, ಆದರೆ ಈ ಮಾತು ಅವಳ ಕೈಗೆ ಸಿಕ್ಕರೆ ಇನ್ನು ಮುಂದೆ ನಾನು ಏನು ಹೇಳಲು ಹೋದರೂ ಇದು ಎದ್ದು ನಿಲ್ಲುತ್ತದೆ. ಇನ್ನು ಮೇಲೆ ಸ್ವಿಚ್ ಮುಟ್ಟದಿದ್ದರೆ ಆಯಿತು, ಹೇಳುವುದು ಏಕೆ? ಹಳೆಯ ಡಬ್ಬ ಅಂಗಡಿಯಲ್ಲೇ ಉಳಿಯಿತು, ಸಾಕ್ಷಿ ಇಲ್ಲ. ಮಗನ ಗೆಳೆಯ ಡಬ್ಬಾ ಪೀಸ್ ಕೊಟ್ಟ ಎಂದೇ ಇರಲಿ. ಉಗುರಿನಿಂದ ಸ್ಟಿಕ್ಕರಿನ ಒಂದು ಮೂಲೆ ಎಬ್ಬಿಸಿದೆ. ಇನ್ನೂ ಸರಿಯಾಗಿ ಹಿಡಿದಿರಲಿಲ್ಲ, ಸಲೀಸಾಗಿ ಎದ್ದಿತು.

ಅಷ್ಟರಲ್ಲಿ ಆಟೋ ನಿಂತಿತು. ನಮ್ಮ ರಸ್ತೆಯ ಬಾಯಲ್ಲಿ ಜೆಸಿಬಿ ಅಡ್ಡ ನಿಂತಿತ್ತು.

"ಮುಂದಕ್ಕೆ ಹೋಗಲ್ಲ ಅಮ್ಮ. ಇಲ್ಲೇ ಇಳ್ಕೊಳಿ," ಎಂದ ಆಟೋದವನು.

ಒಂದೂ ಇಪ್ಪತ್ತು. ಡಬ್ಬವನ್ನು ಬಿಂದಿಗೆಯ ಹಾಗೆ ಸೊಂಟದ ಮೇಲೆ ಇಟ್ಟುಕೊಂಡು ನಡೆದೆ. ಅಗೆದ ಮಣ್ಣು, ಹಲಗೆ, ಮತ್ತೆ ಮಣ್ಣು. ಹಲಗೆಯ ಮೇಲೆ ದಾಟುವಾಗ ಕೆಳಗೆ ಗುಂಡಿಯಲ್ಲಿ ಕರೆಂಟಿನ ದಪ್ಪ ಕೇಬಲ್ಲು ಬರಿಮೈಯಲ್ಲಿ ಬಿದ್ದಿತ್ತು. ಅದರ ಪಕ್ಕದಲ್ಲೇ ಒಬ್ಬ ಪಿಕಾಸಿ ಎತ್ತಿ ಹಾಕುತ್ತಿದ್ದ. ಜೀವಕ್ಕೆ ಹೆದರಬೇಕಾದವನು ಅವನು, ಹೆದರಿದವಳು ನಾನು. "ನೋಡ್ಕೊಂಡು ಹಾಕಪ್ಪ," ಎಂದೆ. ಅವನು ತಲೆ ಎತ್ತಲಿಲ್ಲ. ಸ್ಟಿಕ್ಕರು ಕೀಳಲು ಎರಡು ಕೈ ಬೇಕಿತ್ತು. ಎರಡು ಕೈಯೂ ಡಬ್ಬ ಹಿಡಿದಿದ್ದವು.

ಹೀಗೆಂದರೆ ಕೈ ಖಾಲಿ ಇರಲಿಲ್ಲವೆಂದು ಕೀಳಲಿಲ್ಲ ಎಂದಾಗುತ್ತದೆ. ಅದು ನಿಜವಲ್ಲ. ಮೆಟ್ಟಿಲ ಬುಡದಲ್ಲಿ ಡಬ್ಬ ಇಳಿಸಿ ಸುಧಾರಿಸಿಕೊಂಡೆ. ಆಗ ಎರಡೂ ಕೈ ಖಾಲಿ ಇದ್ದವು. ಎದ್ದ ಮೂಲೆ ಗಾಳಿಗೆ ಅಲ್ಲಾಡುತ್ತಿತ್ತು. ಮಗ ಬೆಳಿಗ್ಗೆ ತಾನು ಮಾಡದ ತಪ್ಪಿಗೆ ಬೈಸಿಕೊಂಡಿದ್ದ, ಅದು ನೆನಪಾಯಿತು. ಹೆಬ್ಬೆರಳಿನಿಂದ ಮೂಲೆಯನ್ನು ಒತ್ತಿ ಅಂಟಿಸಿದೆ.

ಮೇಲೆ ಸೊಸೆ ಬಾಗಿಲು ತೆಗೆದುಕೊಂಡು ನಿಂತಿದ್ದಳು. ಊಟ ಮಾಡಿರಲಿಲ್ಲ. ಡಬ್ಬ ನನ್ನ ಕೈಯಿಂದ ತೆಗೆದುಕೊಂಡವಳು ಮೇಜಿನ ಕೆಳಗೆ ನುಗ್ಗಿದಳು.

"ಇದು ಹಳೇದಲ್ವಾ ಅತ್ತೆ? ಗೀರು ಬಿದ್ದಿದೆ."

"ಅಂಗಡಿಯವನದ್ದೇ. ಹೊಸದು ಅಲ್ಲಿ ಚಾರ್ಜ್ ಆಗ್ತಿದೆ, ನಾಳೆ ಸಿಗುತ್ತೆ. ಇದು ನನ್ನ ಕಣ್ಣೆದುರಿಗೇ ಇಪ್ಪತ್ತೈದು ನಿಮಿಷ ನಡೀತು."

ಅವಳು ಕಂಪ್ಯೂಟರ್ ಆರಿಸಿ ವೈರು ಸಿಕ್ಕಿಸಿದಳು, ಮತ್ತೆ ಹಚ್ಚಿದಳು. ಗಡಿಯಾರದಲ್ಲಿ ಒಂದೂ ಮೂವತ್ತೆಂಟು. ಆಗ ಸ್ಟಿಕ್ಕರು ಕಂಡಿತು. ಬಗ್ಗಿಕೊಂಡೇ ಓದಿದಳು.

"ಇದನ್ನ ಯಾಕೆ ಬರೆದಿದಾರೆ?"

"ನಾನು ಮಾಡ್ತಿದ್ದೆ ಅಂತ."

ಅವಳು ಮೇಜಿನ ಕೆಳಗಿನಿಂದಲೇ ತಲೆಯೆತ್ತಿ ನೋಡಿದಳು.

"ಯಾವಾಗ?"

"ನೀನು ಟ್ಯೂಷನ್ ಹತ್ರ ಹೋದಾಗ ಆಫ್ ಮಾಡ್ತಿದ್ದೆ. ಬೆಳಿಗ್ಗೆ ಐದಕ್ಕೆ ಹಾಕ್ತಿದ್ದೆ."

"ದಿನಾನಾ?"

"ದಿನಾ."

"ಮುಟ್ಬೇಡಿ ಅಂದಿದ್ನಲ್ಲ."

"ಅಂದಿದ್ದೆ."

ಅವಳ ಬಾಯಿ ಏನೋ ಹೇಳಲು ತೆರೆಯಿತು. ಕಣ್ಣು ಗಡಿಯಾರಕ್ಕೆ ಹೋಯಿತು. ಒಂದೂ ನಲವತ್ತಮೂರು. ಎದ್ದು ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡಳು. "ನಮಸ್ಕಾರ, ಹೇಳಿ, ಯಾವ ಡಾಕ್ಟರನ್ನ ನೋಡ್ಬೇಕಿತ್ತು?" ಎಂದಳು. ಎಂದಿನ ದನಿಯೇ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಆ ದನಿ ಕೇಳಿಕೊಂಡು ಅಡುಗೆಮನೆಯಲ್ಲಿ ಕೂರುವುದು ಕಷ್ಟವಾಯಿತು. ಅವಳಿಗೆ ಮುದ್ದೆ ಕಟ್ಟಿಕೊಂಡು ಹೋಗಿ ಕೊಡಲು ಆಗುವುದಿಲ್ಲ, ಮಾತಾಡುತ್ತಿರುತ್ತಾಳೆ. ಒಂದು ಲೋಟ ಮಜ್ಜಿಗೆ ತೆಗೆದುಕೊಂಡು ಹೋಗಿ ಮೇಜಿನ ತುದಿಯಲ್ಲಿಟ್ಟೆ. ತಿರುಗಿ ನೋಡಲಿಲ್ಲ, ಕುಡಿದಳು.

ಮೂರೂ ಹತ್ತಕ್ಕೆ ಫ್ರಿಜ್ಜಿನ ಸದ್ದು ನಿಂತಿತು.

ನಾನು ರೂಮಿನ ಬಾಗಿಲಿಗೆ ಹೋಗಿ ನಿಂತೆ. ಒಳಗೆ ಕಾಲಿಡಲಿಲ್ಲ. ಡಬ್ಬ ಕೀಂ ಎಂದಿತು. ಪರದೆ ಉರಿಯುತ್ತಿತ್ತು. ಸೊಸೆ ಯಾರಿಗೋ ಕಣ್ಣಿನ ಡಾಕ್ಟರು ಗುರುವಾರ ಇರುತ್ತಾರೆ ಎಂದು ಹೇಳುತ್ತಿದ್ದಳು. ಆ ಕಡೆಯವರಿಗೆ ಕಿವಿ ಮಂದವಿರಬೇಕು, ಗುರುವಾರ ಎಂದು ನಾಲ್ಕು ಸಲ ಹೇಳಿದಳು. ಬೆನ್ನು ನೆಟ್ಟಗಿತ್ತು, ಎಡಗೈ ಮೇಜಿನ ಅಂಚನ್ನು ಹಿಡಿದಿತ್ತು. ಎಂಟು ತಿಂಗಳು ನಾನು ಯಾವ ಸದ್ದನ್ನು ಅಡಗಿಸಲು ಕೌದಿ ಹೊದಿಸುತ್ತಿದ್ದೆನೋ ಆ ಸದ್ದು ನಿಲ್ಲದಿರಲಿ ಎಂದು ನಿಂತಿದ್ದೆ. ನಡುವೆ ಒಂದು ಸಲ ಹೆಚ್ಚು ಹೊತ್ತು ಕೂಗಲಿಲ್ಲ ಎನಿಸಿತು. ಮತ್ತೆ ಕೂಗಿತು. ಆ ಫೋನು ಮುಗಿಯಿತು, ಇನ್ನೊಂದು ಬಂತು, ಅದೂ ಮುಗಿಯಿತು. ಹನ್ನೆರಡು ನಿಮಿಷಕ್ಕೆ ಕರೆಂಟು ಬಂತು. ಸೊಸೆಯ ಕೈ ಮೇಜಿನ ಅಂಚು ಬಿಟ್ಟಿತು.

ನಾಲ್ಕೂವರೆಗೆ ಹೆಡ್‌ಫೋನ್ ತೆಗೆದಿಟ್ಟು ಗಂಡನಿಗೆ ಫೋನು ಮಾಡಿದಳು.

"ನಿಮ್ ಫ್ರೆಂಡ್ ತಪ್ಪಲ್ವಂತೆ. ನಿಮ್ಮಮ್ಮಂದಂತೆ. ಮಾತಾಡಿ," ಎಂದು ನನ್ನ ಕೈಗೆ ಕೊಟ್ಟಳು.

"ಏನ್ ಮಾಡ್ದೆ ಅಮ್ಮ?" ಎಂದ ಮಗ.

"ಸ್ವಿಚ್ ಆಫ್ ಮಾಡ್ತಿದ್ದೆ. ಊಟ ಆಯ್ತಾ?"

"ನಾಲ್ಕೂವರೆಗೆ ಯಾವ ಊಟ ಅಮ್ಮ?"

ಫೋನು ವಾಪಸು ಕೊಟ್ಟೆ. ಸೊಸೆ ಚಪ್ಪಲಿ ಮೆಟ್ಟಿಕೊಂಡು ಚೀಲ ತೆಗೆದುಕೊಂಡಳು. ಬಾಗಿಲ ಹತ್ತಿರ ನಿಂತು ನನ್ನ ಕಡೆ ತಿರುಗಿದಳು.

"ನೀವೂ ಬನ್ನಿ."

"ನಾನ್ಯಾಕೆ?"

"ತರಕಾರಿ ಚೀಲ ಹಿಡ್ಕೊಳ್ಳೋಕೆ."

ಚೀಲ ಹಿಡಿಯಲು ಯಾರೂ ಬೇಕಿರಲಿಲ್ಲ ಎಂದು ನನಗೆ ಗೊತ್ತು. ನನ್ನನ್ನು ಆ ಸ್ವಿಚ್ಚಿನ ಜೊತೆ ಒಬ್ಬಳನ್ನೇ ಬಿಟ್ಟುಹೋಗಲು ಅವಳಿಗೆ ಧೈರ್ಯವಿರಲಿಲ್ಲ. ನಾನು ಅವಳಾಗಿದ್ದರೂ ಬಿಡುತ್ತಿರಲಿಲ್ಲ. ಚಪ್ಪಲಿ ಹಾಕಿಕೊಂಡೆ.

ಮರುದಿನ ಅಂಗಡಿಯವನ ಡಬ್ಬ ವಾಪಸು ಕೊಟ್ಟು ಹೊಸದನ್ನು ತಂದೆ. ಅವನು ಕೇಳದೆಯೇ ಅದಕ್ಕೂ ಸ್ಟಿಕ್ಕರು ಅಂಟಿಸಿದ್ದ. ಹನ್ನೊಂದು ದಿನವೂ ಸಂಜೆ ನಾನು ಸೊಸೆಯ ಜೊತೆ ಟ್ಯೂಷನ್ನಿನವರೆಗೆ ನಡೆದೆ. ಮೊದಲ ಎರಡು ದಿನ ಮಾತಿಲ್ಲ. ಮೂರನೇ ದಿನ ಅವಳು ಬದನೆಕಾಯಿ ಆರಿಸುವಾಗ, "ಅದಲ್ಲ, ಹುಳ ಇದೆ," ಎಂದೆ. "ಗೊತ್ತು," ಎಂದಳು. ಅಲ್ಲಿಂದ ಸ್ವಲ್ಪ ಸ್ವಲ್ಪ ಮಾತು ಬಂತು. ಆ ದಿನಗಳಲ್ಲಿ ಅವಳ ಕೆಲಸದ ಹೊತ್ತಿನಲ್ಲಿ ಕರೆಂಟು ಇನ್ನೂ ನಾಲ್ಕು ಸಲ ಹೋಯಿತು. ಲೈನು ಕಡಿಯಲಿಲ್ಲ. ಕೊನೆಯ ದಿನ ಅವಳ ಮೊಬೈಲಿಗೆ ಕಾಯಂ ಮಾಡಿದ ಕಾಗದ ಬಂತು. ನನಗೂ ತೋರಿಸಿದಳು. ಇಂಗ್ಲಿಷಿನಲ್ಲಿತ್ತು, ಅವಳ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದಳು.

ಅದರ ಮಾರನೆಯ ದಿನ ಸಂಜೆ ಅವಳು ಚೀಲ ತೆಗೆದುಕೊಂಡು ಒಬ್ಬಳೇ ಮೆಟ್ಟಿಲಿಳಿದಳು. ನನ್ನನ್ನು ಕರೆಯಲಿಲ್ಲ. ನಾನು ಮಿಕ್ಸಿ ಆರಿಸಿದೆ, ಟಿವಿ ಆರಿಸಿದೆ, ಚಾರ್ಜರು ಕಿತ್ತಿಟ್ಟೆ, ಗೀಸರು ನೋಡಿದೆ. ರೂಮಿನ ಬಾಗಿಲಿಗೆ ಬಂದೆ. ಮೇಜಿನ ಕೆಳಗೆ ಡಬ್ಬದ ಹಸಿರು ದೀಪ ಉರಿಯುತ್ತಿತ್ತು. ಬಲಗೈ ತಾನಾಗಿಯೇ ಎದ್ದಿತು. ಬಾಗಿಲು ಎಳೆದುಕೊಂಡು, ಬಾಲ್ಕನಿಗೆ ಹೋಗಿ ಅವರು ಬರುವವರೆಗೆ ಅಲ್ಲೇ ಕೂತೆ.